ರೋಗಿಯ ಪಾರ್ಟು ಮಾಡುತ್ತಿದ್ದ ಮೇಷ್ಟ್ರು

ಪಾಂಡವಪುರದಲ್ಲಿ ನನ್ನ ಆಪ್ತಸಮಾಲೋಚನೆಯ ಕೊಠಡಿ ಇರುವುದು ಒಂದು ಹಳೆಯ ಅಕ್ಕಿ ಗಿರಣಿಯ ಮಹಡಿಯ ಮೇಲೆ. ಕಳೆದ ವಾರ ಅಲ್ಲಿ ನಾವು ಐದು ಜನ ಕೂತಿದ್ದೆವು. ಮನಶ್ಶಾಸ್ತ್ರ ಓದುತ್ತಾ, ಹಳ್ಳಿಗಳ ಕಡೆಯ ಕೆಲಸ ಕಲಿಯಲೆಂದು ಮೈಸೂರಿನಿಂದ ಬಂದ ನಾಲ್ವರು ಇಂಟರ್ನ್‌ಗಳು, ಮತ್ತೆ ಅವರಿಗೆ ಕಲಿಸಬೇಕಾದ ನಾನು. ಬೀರುವಿನಿಂದ ಹಳೆಯ ರಟ್ಟಿನ ಕಾರ್ಡುಗಳ ಕಟ್ಟನ್ನು ತೆಗೆದು ಮೇಜಿನ ಮೇಲೆ ಹರಡಿದ್ದೆ. ಒಬ್ಬ ಹುಡುಗಿ ಅದರಲ್ಲಿ ಒಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ಸರ್, ಇದಕ್ಕೆ ಬೂಷ್ಟು ಹಿಡಿದಿದೆ" ಅಂದಳು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾರ್ಡಿನ ಮೂಲೆಯಲ್ಲಿ ಬೆಳ್ಳಗೆ ಒಂದು ಹೆಬ್ಬೆಟ್ಟಿನ ಗುರುತು. ಮೂಗಿನ ಹತ್ತಿರ ತಂದರೆ ಹೊಗೆಸೊಪ್ಪಿನ ವಾಸನೆ ಇನ್ನೂ ಒಂದಿಷ್ಟು ಉಳಿದಿತ್ತು.

"ಬೂಷ್ಟಲ್ಲಮ್ಮ, ಸುಣ್ಣ. ಎಲೆಗೆ ಹಚ್ಚೋ ಸುಣ್ಣ" ಅಂದೆ. 

ಅದು ಮೇಷ್ಟ್ರ ಹೆಬ್ಬೆಟ್ಟು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ನಮ್ಮ ಮಂಡ್ಯದ ಸೀಮೆಯಲ್ಲಿ ಊರಿಗೊಂದು ಪೌರಾಣಿಕ ನಾಟಕ ಆಗಲೇಬೇಕು. ಕಬ್ಬು ಕಡಿಯುವವನು, ಡೇರಿಯ ಕಾರ್ಯದರ್ಶಿ, ಬಸ್ಸಿನ ಕಂಡಕ್ಟರು, ಹೀಗೆ ಆಸೆಯಿದ್ದವರೆಲ್ಲ ಒಂದೊಂದು ಪಾರ್ಟು ಹಿಡಿಯುತ್ತಾರೆ. ಹಾರ್ಮೋನಿಯಂ ಹೊತ್ತ ಒಬ್ಬ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು, ಬೈದು, ತಲೆಗೆ ಮೊಟಕಿ ಅವರಿಂದ ಕಂದಪದ್ಯ ಹೇಳಿಸುತ್ತಾರೆ. ನಾನು ಕಾಲೇಜು ಓದುವಾಗ ನಮ್ಮೂರಿಗೂ ಇದೇ ಮೇಷ್ಟ್ರು ಬಂದಿದ್ದರು. ನನಗೆ ಬಾಗಿಲು ಕಾಯುವವನ ಪಾರ್ಟು ಕೊಟ್ಟಿದ್ದರು. ಎರಡೇ ಮಾತು. ರಂಗದ ಮೇಲೆ ಹೋಗಿ ಅದರಲ್ಲಿ ಒಂದನ್ನು ಮರೆತೆ. ಆಮೇಲೆ ಎಲ್ಲಿ ಸಿಕ್ಕಿದರೂ, ಎಷ್ಟು ಜನ ಇದ್ದರೂ, "ಏನ್ಲಾ, ಇನ್ನೊಂದು ಮಾತು ಗ್ಯಾಪ್ಕ ಬಂತಾ?" ಎಂದು ಕೇಳದೆ ಬಿಟ್ಟವರಲ್ಲ.

ನನಗೆ ಇಂಟರ್ನ್‌ಗಳ ಹೊಣೆ ಬಂದ ಮೊದಲ ವರ್ಷದ ಮಾತು. ನಿಜವಾದ ರೋಗಿಯ ಮುಂದೆ ಕೂರುವ ಮೊದಲು ಈ ಮಕ್ಕಳು ಅಭ್ಯಾಸ ಮಾಡಬೇಕು. ಒಬ್ಬರು ರೋಗಿಯಂತೆ ಕೂರುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು. ರೋಗಿಯ ಕಷ್ಟವನ್ನು ಕಾರ್ಡಿನ ಮೇಲೆ ನಾಲ್ಕು ಸಾಲು ಬರೆದು ಕೊಡುತ್ತೇವೆ. ಅಲ್ಲಿಯವರೆಗೆ ಮಕ್ಕಳು ತಮ್ಮತಮ್ಮಲ್ಲೇ ಪಾರ್ಟು ಹಂಚಿಕೊಂಡು ಆಡುತ್ತಿದ್ದರು. ಅವರ ರೋಗಿಗಳಿಗೆ ಪರೀಕ್ಷೆಯ ಭಯ ಬಿಟ್ಟರೆ ಬೇರೆ ಕಷ್ಟವೇ ಇರುತ್ತಿರಲಿಲ್ಲ. ಇವರು ನಾಳೆ ನಮ್ಮ ಹಳ್ಳಿಯ ಹೆಂಗಸೊಬ್ಬಳ ಮುಂದೆ ಕೂತರೆ ಅವಳ ಮಾತಾದರೂ ಅರ್ಥವಾಗಬೇಡವೇ ಅಂತ ಯೋಚಿಸುತ್ತಿದ್ದಾಗ ಮೇಷ್ಟ್ರ ನೆನಪಾಯಿತು. ಅಷ್ಟು ದೊಡ್ಡ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಧೈರ್ಯ ಉಳಿಯುತ್ತದೋ ಇಲ್ಲವೋ. ಮೇಷ್ಟ್ರು ಆ ವರ್ಷ ನಮ್ಮ ಮುಂದೆ ಕೂತು ಹೇಳಿದ್ದೆಲ್ಲ ನಿಜ. ಅವರಿಗೆ ಒಬ್ಬ ಮಗಳಿದ್ದಳು. ಅವಳ ಮನೆಯ ಬಾಗಿಲಿಗೆ ಹೋಗಲೋ ಬೇಡವೋ ಎಂಬ ಒಂದೇ ಪ್ರಶ್ನೆ ಅವರ ಪ್ರಾಣ ಹಿಂಡುತ್ತಿತ್ತು. ಕೇಳಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಆ ವರ್ಷದ ನಾಲ್ವರು ಇಂಟರ್ನ್‌ಗಳು ಮತ್ತು ನಾನು ಎದುರಿಗೆ ಕೂತಿದ್ದೆವು. ಅವರು ಹೇಳಿದರು. ನಾವು ಚಪ್ಪಾಳೆ ಹೊಡೆದೆವು.

ಬೆಳ್ಳೂರಿನಿಂದ ಆಚೆ ಅವರ ಊರು. ಹುಡುಕಿಕೊಂಡು ಹೋದಾಗ ಜಗಲಿಯ ಮೇಲೆ ಕೂತು ಹಾರ್ಮೋನಿಯಂನ ತಿದಿಗೆ ಬಟ್ಟೆ ಅಂಟಿಸುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳೆಷ್ಟು ಅಂತ ಕೇಳಿದ್ದಕ್ಕೆ "ಇಲ್ಲ ಬುಡು" ಅಂದರು. ನಾನು ವಿಷಯ ವಿವರಿಸಿದೆ, ತಾಲ್ಲೂಕಿಗೊಂದು ಕಡೆ ತರಗತಿ ನಡೆಸುವುದನ್ನೂ ಹೇಳಿದೆ. ಎಲೆ ಜಗಿಯುತ್ತಾ ಪೂರ್ತಿ ಕೇಳಿಸಿಕೊಂಡು, "ಅಂದ್ರೆ, ಕಾಯ್ಲೆ ಇಲ್ದೋನು ಅದೆ ಅಂತ ಕುಂತ್ಕಬೇಕು, ಆ ಮಕ್ಳು ವಾಸಿ ಮಾಡ್ದಂಗೆ ಮಾಡ್ಬೇಕು. ಇಬ್ರುದೂ ನಾಟ್ಕವೇ ಅಲ್ಲೇನ್ಲಾ?" ಅಂತ ನಕ್ಕರು. ಒಪ್ಪಿಕೊಂಡರು. ಒಂದೇ ಷರತ್ತು: "ನಾಗಮಂಗ್ಲಕ್ಕೆ ಮಾತ್ರ ನನ್ನ ಕರೀಬ್ಯಾಡ. ಮಿಕ್ಕಿದ್ ಕಡೆ ಎಲ್ಲಿಗಾದ್ರೂ ಬತ್ತೀನಿ."

ಸ್ವಂತ ತಾಲ್ಲೂಕಿನಲ್ಲಿ ಹುಚ್ಚನ ಪಾರ್ಟು ಮಾಡಲು ನಾಚಿಕೆ ಇರಬೇಕು ಅಂದುಕೊಂಡೆ. ಯಾಕೆ ಅಂತ ಕೇಳಲಿಲ್ಲ. ಇಂಟರ್ನ್‌ಗಳಿಗೆ ನಾನು ಮೊದಲ ದಿನವೇ ಹೇಳಿಕೊಡುವ ಪಾಠ, ಯಾಕೆ ಎನ್ನುವುದನ್ನು ಕೇಳಲು ಮರೆಯಬೇಡಿ ಅಂತ...

ಮೊದಲ ತರಗತಿ ಶ್ರೀರಂಗಪಟ್ಟಣದ ಕಡೆಯ ಪಾಲಹಳ್ಳಿಯಲ್ಲಿ, ಪರಿಚಯದವರ ಮನೆಯ ಮಹಡಿಯ ಮೇಲೆ. ಆ ಸಲದ ಇಂಟರ್ನ್‌ಗಳಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗಿ ಇದ್ದಳು. ಮೈಸೂರಿನ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಅವಳೇ ಮೊದಲು ಮೇಷ್ಟ್ರ ಎದುರು ಕೂತಳು. ಏನು ತೊಂದರೆ ಅಂತ ಕೇಳಿದಳು. "ತೊಂದ್ರೆ ಏನಿಲ್ಲ ಕನವ್ವ, ಕಾಲು ವಸಿ ನೋಯ್ತದೆ" ಅಂದರು. ಅವಳು ಬಗ್ಗಿ ಕಾಲುನೋವು ಅಂತ ಬರೆದುಕೊಂಡಳು. ಮೇಷ್ಟ್ರು ಪೆನ್ನನ್ನು ಮೆಲ್ಲಗೆ ಕಿತ್ತುಕೊಂಡು ಕೆಳಗಿಟ್ಟರು.

"ಬರೀಬ್ಯಾಡ ಮಗ, ಮಕ ನೋಡು. ನಮ್ಮೋರು ಕಾಲು ಅಂತ್ಲೇ ಸುರು ಮಾಡೋದು. ಕಾಲಿಂದ ಎದೆ ತಂಕ ಬರಾಕೆ ಒತ್ತಾಯ್ತದೆ. ಅಷ್ಟೊತ್ತು ನೀನು ಕುಂತಿರ್‍ಬೇಕು."

ನಾನು ಎರಡು ವರ್ಷ ಓದಿ ಕಲಿತದ್ದನ್ನು ಮನುಷ್ಯ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು. ಆಮೇಲೆ ಕಾರ್ಡನ್ನು ಸುಣ್ಣದ ಕೈಯಲ್ಲೇ ಎತ್ತಿ ನೋಡಿ, ಕನ್ನಡಕವಿಲ್ಲದೆ ಕಾಣುವುದಿಲ್ಲ ಅಂತ ಪಕ್ಕಕ್ಕಿಟ್ಟು, ತಮ್ಮದೇ ಕತೆ ಶುರು ಮಾಡಿದರು. ನಿದ್ದೆ ಇಲ್ಲ, ಊಟ ಗಂಟಲಲ್ಲಿ ಇಳಿಯುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ, "ನಂಗೊಬ್ಳು ಮಗಳವ್ಳೆ ಕನವ್ವ. ಅವ್ಳ ತಿಥಿ ಮಾಡಿವ್ನಿ" ಅಂದರು.

ಹುಡುಗಿ, "ತೀರಿಕೊಂಡರಾ?" ಅಂದಳು.

"ಇಲ್ಲ. ಬದುಕವ್ಳೆ."

 ನನ್ನ ಮೈ ಜುಮ್ಮೆಂದಿತು. ಎಂಥಾ ಕಲಾವಿದ ಅಂದುಕೊಂಡೆ!

ಇಂಥ ಅಭ್ಯಾಸಕ್ಕೆ ಒಂದು ನಿಯಮವಿದೆ. ಮುಗಿದ ಮೇಲೆ ರೋಗಿಯಾದವರು ಎದ್ದು ನಿಂತು, ನಾನು ಆ ರೋಗಿಯಲ್ಲ, ನನ್ನ ಹೆಸರು ಇಂಥದು, ನನ್ನ ಮನೆಯಲ್ಲಿ ಇಂಥಿಂಥವರಿದ್ದಾರೆ ಅಂತ ಗಟ್ಟಿಯಾಗಿ ಹೇಳಬೇಕು. ಆಡಿದ ದುಃಖ ಮೈಗೆ ಅಂಟಿಕೊಳ್ಳಬಾರದು ಅಂತ. ಮೇಷ್ಟ್ರಿಗೂ ಹೇಳಿದೆ. ಅವರು ಎಲೆಯಡಿಕೆ ಚೀಲ ಬಿಚ್ಚುತ್ತಾ, "ಬಣ್ಣ ಅಚ್ಚಿದ್ರೆ ಒರುಸ್ಬೋದು. ಅಚ್ಚೇ ಇಲ್ವಲ್ಲಾ, ಏನು ಒರುಸ್ಲಿ?" ಅಂದರು. ನಾವೆಲ್ಲ ನಕ್ಕೆವು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಆ ಮನುಷ್ಯ ಎದ್ದು ನಿಂತು, ನನ್ನ ಮನೆಯಲ್ಲಿ ಯಾರಿದ್ದಾರೆ ಅನ್ನುವ ಸಾಲಿಗೆ ಬಂದು ನಿಂತುಬಿಡುತ್ತಿದ್ದರು. ಆಗಲೇ ಗೊತ್ತಾಗುತ್ತಿತ್ತು.

ಎರಡನೆಯದು ಪಾಂಡವಪುರದಲ್ಲಿ. ಅಲ್ಲಿ ಕತೆ ಇನ್ನಷ್ಟು ಬೆಳೆಯಿತು. ಮಗಳು ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಹೋದಳು. ಅಪ್ಪನ ಅಣ್ಣತಮ್ಮಂದಿರು ಪಂಚಾಯ್ತಿ ಸೇರಿದರು. ಅವಳು ಸತ್ತಳು ಅಂತ ತೀರ್ಮಾನವಾಯಿತು. ಹಿತ್ತಲಿನಲ್ಲಿ ಗುಂಡಿ ತೆಗೆದು ಅವಳ ಫೋಟೋವನ್ನು ಮಣ್ಣು ಮಾಡಿದರು. ಹನ್ನೊಂದನೇ ದಿನ ತಲೆ ಬೋಳಿಸಿಕೊಂಡು, ಎಡೆ ಇಟ್ಟು, ಊರಿಗೆ ಊಟ ಹಾಕಿದರು. "ಚೆನ್ನಾಗಿ ಉಂಡ್ರು ಕನವ್ವ ಎಲ್ರೂವೆ. ನಾನೂ ಉಂಡೆ. ಅದೇ ಅರಗಿಲ್ಲ ನೋಡು, ಇವತ್ತಿನ್ ತಂಕ" ಅಂದರು ಮೇಷ್ಟ್ರು.

ಅಂದು ಎಲ್ಲರೂ ಹೋದ ಮೇಲೆ ಕನ್ನಡಕದ ಹುಡುಗಿ ಮೆಟ್ಟಿಲ ಹತ್ತಿರ ನಿಂತೇ ಇದ್ದಳು. "ಸರ್, ಅವರು ಆ್ಯಕ್ಟ್ ಮಾಡ್ತಿಲ್ಲ ಅನ್ಸುತ್ತೆ" ಅಂದಳು.

"ಅವರು ಕಲ್ಲನ್ನೂ ಅಳಿಸ್ತಾರಮ್ಮ, ಅವರ ಕಸುಬು ಅದು. ಕೇಳೋರು ಕೊಚ್ಚಿಕೊಂಡು ಹೋಗಬಾರದು, ದಡದಲ್ಲಿ ನಿಂತಿರಬೇಕು" ಅಂತ ಬುದ್ಧಿ ಹೇಳಿ ಕಳಿಸಿದೆ. ದಡದಲ್ಲಿ ನಿಲ್ಲುವ ಮಾತು ನನಗೆ ಬಹಳ ಇಷ್ಟವಾಗಿತ್ತು. ಅದನ್ನು ಆ ವರ್ಷ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ನಾಗಮಂಗಲದ ತರಗತಿಗೆ ಮೇಷ್ಟ್ರು ಬರಲಿಲ್ಲ. ಬೇರೊಬ್ಬರನ್ನು ಕೂರಿಸಿದೆವು, ಚೆನ್ನಾಗಿ ಆಗಲಿಲ್ಲ. ಅಲ್ಲಿ ಊಟಕ್ಕೆ ಕೂತಾಗ ಯಾರನ್ನಾದರೂ ಮೇಷ್ಟ್ರ ವಿಚಾರ ಕೇಳಿದ್ದರೂ ಸಾಕಿತ್ತು, ಆ ತಿಥಿಯ ಸುದ್ದಿ ಗೊತ್ತಿಲ್ಲದವರು ಆ ತಾಲ್ಲೂಕಿನಲ್ಲಿರಲಿಲ್ಲ. ಮೇಷ್ಟ್ರ ತಮಾಷೆಗಳನ್ನು ನಾನೇ ಹೇಳಿ ನಗಿಸುತ್ತಾ ಕೂತೆ.

ಕೊನೆಯದು ಕೆ.ಆರ್. ಪೇಟೆಯಲ್ಲಿ. ಒಂದು ಶಾಲೆಯ ಕೊಠಡಿ, ಭಾನುವಾರ. ಮೇಷ್ಟ್ರು ಆವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮುಖ ಕ್ಷೌರ ಮಾಡಿಸಿಕೊಂಡು, ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಕೈಯಲ್ಲಿ ಒಂದು ಚೀಲ. ಅದರೊಳಗೆ ಬಾಳೆಹಣ್ಣಿನ ಚಿಪ್ಪು, ಕಾಗದದಲ್ಲಿ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ. "ಏನ್ ಮೇಷ್ಟ್ರೇ, ಇವತ್ತು ನಾಟಕದ ಸಾಮಾನು ಬೇರೆ ತಂದ್ಬಿಟ್ಟಿದ್ದೀರಿ!" ಅಂದೆ ನಾನು. ಅವರು ಚೀಲವನ್ನು ಬೆಂಚಿನ ಕೆಳಕ್ಕೆ ತಳ್ಳಿದರು.

ಎದುರಿಗೆ ಕನ್ನಡಕದ ಹುಡುಗಿಯೇ ಕೂತಳು. ಅವಳೇ ಬೇಕು ಅಂತ ಮೇಷ್ಟ್ರೇ ಕೇಳಿದ್ದರು. ಈ ಸಲ ಕಾಲುನೋವಿನಿಂದ ಶುರುವಾಗಲಿಲ್ಲ. ನೇರ ಮಗಳ ಮಾತೇ ಬಂತು. "ಇಲ್ಲೇ ಅವ್ಳೆ ಮಗ, ಗೋವಿಂದ್ನಳ್ಳಿ ಕಡೀಕೆ. ಬಸ್ಸತ್ತಿದ್ರೆ ಓಗ್ಬುಡ್ಬೋದು. ಆರು ತಿಂಗ್ಳಿಂದೆ ಯಾರ್ ಕೈಲೋ ಯೋಳಿ ಕಳಿಸಿದ್ಲು, ಅಪ್ಪ ಒಂದ್ಸಲ ಬಂದೋಗ್ಲಿ ಅಂತ. ಓದ್ರೆ ಊರ್‍ನೋರು ನನ್ನೂ ಒರಗಾಕ್ತಾರೆ. ಅದ್ಕೇನೂ ಎದ್ರಾಕಿಲ್ಲ ಬುಡು. ಆದ್ರೆ ಮಣ್ಣು ಮಾಡಿದ್ ಕೈಯಿ ಇದು. ಈ ಕೈಲಿ ಅವ್ಳ ಬಾಗ್ಲು ಎಂಗ್ ತಟ್ಲಿ?"

ಹುಡುಗಿ ಏನೂ ಬರೆದುಕೊಳ್ಳಲಿಲ್ಲ. ಮುಖವನ್ನೇ ನೋಡುತ್ತಿದ್ದಳು.

"ಓಗ್ಲಾ, ಬ್ಯಾಡ್ವಾ? ಒಂದ್ ಮಾತು ಯೋಳ್ಬುಡು ಮಗ. ಓಗು ಅಂದ್ರೆ ಈಗ್ಲೇ ಎದ್ದೋಯ್ತೀನಿ."

ನಮ್ಮ ಕಸುಬಿನಲ್ಲಿ ಸಲಹೆ ಕೊಡಬಾರದು. ಹೋಗು ಅನ್ನಬಾರದು, ಬೇಡ ಅನ್ನಬಾರದು. ನಿರ್ಧಾರ ಅವರದೇ ಆಗಬೇಕು. ಪ್ರಶ್ನೆಯನ್ನು ಅವರ ಕೈಗೇ ಮೆಲ್ಲಗೆ ಹಿಂದಕ್ಕೆ ಕೊಡಬೇಕು. ಇದು ಒಳ್ಳೆಯ ನಿಯಮವೇ, ಇದರಿಂದ ಎಷ್ಟೋ ಜನ ಉಳಿದಿದ್ದಾರೆ. ಹುಡುಗಿ ಮೇಷ್ಟ್ರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ಬಾಯಲ್ಲಿ ಹೋಗಿ ಅನ್ನುವ ಮಾತು ಸಿದ್ಧವಾಗಿ ನಿಂತಿತ್ತು, ನನಗೆ ಕಾಣುತ್ತಿತ್ತು. ನಾನು ಗೋಡೆಗೆ ಒರಗಿ ನಿಂತಲ್ಲಿಂದ ಬೇಡ ಅಂತ ತಲೆ ಆಡಿಸಿದೆ. ಅಷ್ಟೇ ನಾನು ಮಾಡಿದ್ದು.

"ನಿಮಗೆ ಏನನ್ನಿಸುತ್ತೆ ಅಪ್ಪಾ?" ಅಂತ ಕೇಳಿದಳು.

ಮೇಷ್ಟ್ರು ಅವಳನ್ನೇ ನೋಡಿದರು. "ನಂಗೇನನ್ನುಸ್ತದೆ ಅಂತ ಗೊತ್ತಿದ್ರೆ ಇಲ್ಲೀಗಂಟ ಯಾಕವ್ವ ಬತ್ತಿದ್ದೆ..." ಅಂದು ಕೈ ಮುಗಿದು ಎದ್ದರು. ಹಿಂದೆ ಕೂತಿದ್ದ ಮೂವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹುಡುಗಿಯನ್ನು ಹೊಗಳಿದೆ. ಎಷ್ಟು ಕಷ್ಟದ ಜಾಗದಲ್ಲಿ ನಿಯಮ ಬಿಡಲಿಲ್ಲ ನೋಡಿ ಅಂತ ಮಿಕ್ಕವರಿಗೆ ತೋರಿಸಿಕೊಟ್ಟೆ. ಮೇಷ್ಟ್ರು ಚೀಲದಿಂದ ಬಾಳೆಹಣ್ಣು ತೆಗೆದು ಮಕ್ಕಳಿಗೆಲ್ಲ ಹಂಚಿದರು. ಬಳೆಯ ಪೊಟ್ಟಣವನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು ನಾಗಮಂಗಲದ ಬಸ್ಸು ಹತ್ತಿದರು. ನಾನೇ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬಂದೆ. ಗೋವಿಂದನಹಳ್ಳಿ ಕಡೆಯ ಬಸ್ಸು ಅದರ ಪಕ್ಕದಲ್ಲೇ ನಿಂತಿತ್ತು...

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ನನ್ನ ಕೊಠಡಿಗೆ ಬಂದರು. ಹೊರಗಿನ ಬೆಂಚಿನ ಮೇಲೆ, ರೋಗಿಗಳ ಸಾಲಿನಲ್ಲಿ ಕೂತಿದ್ದರು. ನಾನು ಎಂದಿನಂತೆ ತಮಾಷೆಗೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, "ಇವತ್ತು ಪಾರ್ಟಿಲ್ಲ ಕಣ್ಲಾ" ಅಂದರು.

ಮಗಳು ಹೋಗಿಬಿಟ್ಟಿದ್ದಳು. ಕಾಮಾಲೆ. ನಮ್ಮ ಕೊನೆಯ ತರಗತಿಯ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳಂತೆ, ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗಂಡನ ಮನೆಯವರು ಸುದ್ದಿ ಕಳಿಸಿದ್ದರು. ಸುದ್ದಿ ತಂದವನನ್ನು ಊರಿನ ಬಾಗಿಲಲ್ಲೇ ಅಣ್ಣತಮ್ಮಂದಿರು ನಿಲ್ಲಿಸಿ, ಆ ಹೆಸರಿನವಳು ಈ ಮನೆಯಲ್ಲಿ ಸತ್ತು ವರ್ಷಗಳೇ ಆದವು ಅಂತ ವಾಪಸ್ಸು ಕಳಿಸಿದ್ದರು. ಮೇಷ್ಟ್ರಿಗೆ ತಿಳಿದದ್ದು ಇಪ್ಪತ್ತು ದಿನದ ಮೇಲೆ, ಬಸ್ಸಿನಲ್ಲಿ, ತಬಲ ನುಡಿಸುವ ಒಬ್ಬರ ಬಾಯಿಂದ. ಹೇಳಿದವರು, ಪಾಪ, ಇವರಿಗೆ ಗೊತ್ತಿದೆ ಅಂದುಕೊಂಡೇ ಹೇಳಿದ್ದರು.

"ಊರಿಗೋಗಿ, ಒಂದು ಎಡೆ ಇಡ್ತೀನಿ ಕನ್ರಪ್ಪ ಅಂದೆ. ಸತ್ತೋಳ್ಗೆ ಎಷ್ಟ್ ದಪ ಮಾಡ್ತೀಯ, ಆಗೋಗದೆ ಬುಡು ಅಂದ್ರು..." ಅಂದರು ಮೇಷ್ಟ್ರು. ನಾನು ಏನೋ ಹೇಳಲು ಹೊರಟೆ. "ನಿಂಗೇನನ್ನುಸ್ತದೆ ಅಂತ ಕೇಳ್ಬ್ಯಾಡ ಕಣ್ಲಾ, ಕೈ ಮುಗೀತೀನಿ" ಅಂದರು. ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ, "ಆ ಕನ್ನಡ್ಕದ್ ಮಗೀಗೆ ಯೋಳ್ಬ್ಯಾಡ. ನೊಂದ್ಕತದೆ" ಅಂದರು.

ಅವತ್ತು ಎಲ್ಲ ನಿಯಮವನ್ನೂ ಬಿಟ್ಟು, "ನಡೀರಿ ಮೇಷ್ಟ್ರೇ" ಅಂತ ಕರೆದುಕೊಂಡು ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡುವ ಪಶ್ಚಿಮವಾಹಿನಿಗೆ ಹೋದೆ. ಹೊಳೆಯ ದಂಡೆಯಲ್ಲಿ ಕ್ಷೌರದವನ ಮುಂದೆ ಕೂತರು. ಬೂದಿಯೂ ಇಲ್ಲ, ಮೂಳೆಯೂ ಇಲ್ಲ. ಅವಳನ್ನು ಗಂಡನ ಹೊಲದಲ್ಲಿ ಮಣ್ಣು ಮಾಡಿದ್ದರು. ಹೊಳೆಗೆ ಬಿಡಲು ನಮ್ಮ ಹತ್ತಿರ ಇದ್ದದ್ದು ಬಳೆಯ ಪೊಟ್ಟಣ ಒಂದೇ. ಕ್ಷೌರದವನು ತಲೆಗೆ ನೀರು ಹಚ್ಚುತ್ತಾ ಯಾರಿಗೆ ಅಂತ ಕೇಳಿದ. "ಮಗಳ್ಗೆ." "ಯಾವತ್ತು ತೀರ್‍ಕಂಡ್ರು?"  ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು, ನೀನೇ ಹೇಳು ಎನ್ನುವ ಹಾಗೆ.  ಕ್ಷೌರದವನು ಮತ್ತೆ ಕೇಳದೆ ಕತ್ತಿ ಎತ್ತಿಕೊಂಡ.

ಮೇಷ್ಟ್ರು ಆಮೇಲೆ ಹಾರ್ಮೋನಿಯಂ ಮುಟ್ಟಲಿಲ್ಲ. ವಾರಕ್ಕೊಮ್ಮೆ ನಾನು ಅವರ ಊರಿಗೆ ಹೋಗುತ್ತಿದ್ದೆ. ಅವರ ಜೊತೆ ಜಗಲಿಯ ಮೇಲೆ ಕೂತಿದ್ದು ಎದ್ದು ಬರುತ್ತಿದ್ದೆ. ಹುಡುಗಿಗೆ ಹೇಳಬೇಡ ಅಂದಿದ್ದರಲ್ಲ, ಆ ಮಾತನ್ನೂ ನಾನು ಉಳಿಸಿಕೊಳ್ಳಲಿಲ್ಲ. ಅವಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಅಂದೆ.  "ಸರ್, ನನಗೆ ಗೊತ್ತಿತ್ತು" ಅಂತಷ್ಟೇ ಹೇಳಿ ಇಟ್ಟುಬಿಟ್ಟಳು.

ಇಷ್ಟನ್ನೂ ಕಳೆದ ವಾರ ಆ ನಾಲ್ವರು ಮಕ್ಕಳಿಗೆ ಹೇಳಿದೆ. ಕೆಳಗೆ ಗಿರಣಿ ಓಡುತ್ತಿತ್ತು, ಮಹಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಹಾಗಾದರೆ ಆವತ್ತು ಹೋಗಿ ಅಂತ ಹೇಳಬೇಕಿತ್ತಾ ಸರ್ ಅಂತ ಒಬ್ಬ ಕೇಳಿದ. ನನಗೆ ಈಗಲೂ ಗೊತ್ತಿಲ್ಲ. ಹೇಳುವುದಕ್ಕೆ ಮೊದಲು, ಇದು ನಿಮ್ಮ ಮಗಳೇನು ಮೇಷ್ಟ್ರೇ ಅಂತ ಕೇಳಬೇಕಿತ್ತು. ಅಷ್ಟು ಗೊತ್ತು. ಅದನ್ನು ಕೇಳಲು ಯಾವ ಓದೂ ಬೇಕಿರಲಿಲ್ಲ. ಮೇಷ್ಟ್ರಿಗೆ ಆಮೇಲೆ ಏನಾಯಿತು ಅಂತ ಇನ್ನೊಬ್ಬಳು ಕೇಳಿದಳು. ಅದನ್ನೂ ಹೇಳಿದೆ.

ಮಾರನೆಯ ವರ್ಷ ಅವರೆಕಾಯಿ ಕಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಎದೆನೋವು ಅಂದರು. ಕನ್ನಡಕದ ಹುಡುಗಿಗೆ ಫೋನಿನಲ್ಲಿ ತಿಳಿಸಿ ಮಣ್ಣಿಗೆ ನಾನು ಹೋಗಿದ್ದೆ. ಅಣ್ಣತಮ್ಮಂದಿರೆಲ್ಲ ಮಣ್ಣು ಹಾಕಿ ಹೊರಟರು. ಬೇಲಿಯ ಆಚೆ ಒಬ್ಬ ಗಂಡಸು ಬೆಳಗಿನಿಂದ ನಿಂತೇ ಇದ್ದ. ಎಲ್ಲರೂ ಮರೆಯಾದ ಮೇಲೆ ಒಳಗೆ ಬಂದ. ಅಳಿಯ ಅಂತ ಅವನು ಹೇಳುವ ಮೊದಲೇ ನನಗೆ ಗೊತ್ತಾಯಿತು. ಸುದ್ದಿ ಯಾರು ಕೊಟ್ಟರು ಅಂತ ಕೇಳಿದೆ. "ಕನ್ನಡ್ಕದ್ ಮೇಡಮ್ಮು. ಆಗಾಗ ನಮ್ಮನೇಗೆ ಬತ್ತಾ ಇರ್‍ತಾರೆ" ಅಂದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಾಕಿದ.  ಇನ್ನೊಂದು ಹಿಡಿ ತೆಗೆದು, "ಇದು ಅವ್ಳ್‌ದು" ಅಂತ ಹಾಕಿ, ಕೈ ಒರೆಸಿಕೊಂಡು ಬಸ್ಸಿಗೆ ಹೋದ.